ಒಂದು ಸೇವೆಗೆ ಹಲವು ಬಾಗಿಲುಗಳು

ಗಣಕಯಂತ್ರದ ಮುಖಾಂತರ ಜನರಿಗೆ ಸೇವೆಯೊಂದನ್ನು ಒದಗಿಸಬಯಸುವವರು ಮೊದಲು ಕೇಳತಕ್ಕ ಪ್ರಶ್ನೆಯು ಇದು: ಬಳಸುವವರ ಕೈಯಲ್ಲಿ ಏನಿರುವದು? ಬೈಲಹೊಂಗಲ-ಸವದತ್ತಿ ಸೀಮೆಯ ಚಚಡಿಯಂಥ ಊರನ್ನು ನೆನೆಯಿರಿ. ಸೊಸೆಯ ಹತ್ತಿರ ಸ್ಮಾರ್ಟ್‌ಫೋನು, ಅತ್ತೆಯ ಹತ್ತಿರ ಗುಂಡಿಗಳ ಸಾದಾ ಫೋನು ಇರಬಹುದು. ಓದು ಬಾರದ ನೆರೆಯವಳಿಗೆ ಧ್ವನಿಯೊಂದೇ ಆಧಾರವಾಗಿರಬಹುದು. ಈ ಮೂವರಿಗೂ ಒಂದೇ ಸೇವೆಯು ಸಮನಾಗಿ ದೊರೆಯಬೇಕಾದರೆ ಅದಕ್ಕೆ ಹಲವು ಬಾಗಿಲುಗಳು ಬೇಕು.

ಇಂಥ ಪ್ರಯತ್ನಗಳು ನಮ್ಮಲ್ಲಿ ನಡೆದಿರುವವು. 2014ನೆಯ ಇಸವಿ ಡಿಸೆಂಬರ್ 8ರಂದು ರಾಷ್ಟ್ರಪತಿ ಪ್ರಣವ ಮುಖರ್ಜಿಯವರು ಬೆಂಗಳೂರಿನಲ್ಲಿ ಉದ್ಘಾಟಿಸಿದ ‘ಕರ್ನಾಟಕ ಮೊಬೈಲ್ ಒನ್’ ಯೋಜನೆಯು ಆ್ಯಪ್, ಎಸ್.ಎಂ.ಎಸ್., ಯು.ಎಸ್.ಎಸ್.ಡಿ., ಧ್ವನಿಕರೆ ಮುಂತಾದ ಮಾರ್ಗಗಳಿಂದ ಸೇವೆಗಳನ್ನು ಮುಟ್ಟಿಸಲು ಹೊರಟಿತು. 2016ರಲ್ಲಿ ಆರಂಭವಾದ ಯು.ಪಿ.ಐ. ಹಣಪಾವತಿಗೆ 2022ರ ಮಾರ್ಚ್ 8ರಂದು ರಿಸರ್ವ್ ಬ್ಯಾಂಕು ಸಾದಾ ಫೋನುಗಳ ಸಲುವಾಗಿ ‘123ಪೇ’ ಎಂಬ ವ್ಯವಸ್ಥೆಯನ್ನು ಕೂಡಿಸಿತು.

ಯಂತ್ರಗಳು ಪರಸ್ಪರ ಮಾತಾಡುವ ಕಟ್ಟಳೆಗೆ ಪ್ರೊಟೊಕಾಲ್ ಎನ್ನುವರು. ಒಂದೊಂದು ಬಾಗಿಲಿನ ಕಟ್ಟಳೆಯೂ ಬೇರೆ. ಒಂದು ಎಸ್.ಎಂ.ಎಸ್.ನಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿಯುವವು. ಕನ್ನಡದಲ್ಲಾದರೋ 70 ಸಂಕೇತಗಳು ಮಾತ್ರ, ಅದರಲ್ಲಿಯೂ ‘ಕ್ಷ’ ಎಂಬದೊಂದೇ ಮೂರನ್ನು ನುಂಗುವದು. ಫೋನು ಮುಚ್ಚಿದ್ದರೆ ಆ ಸಂದೇಶವು ಕೇಂದ್ರದಲ್ಲಿ ಕಾದಿರಬಲ್ಲದು. ಯು.ಎಸ್.ಎಸ್.ಡಿ.ಗೆ ಇಂಟರ್‌ನೆಟ್ ಬೇಡ. ಆದರೆ ಉತ್ತರಿಸಲು ತಡವಾದರೆ ಸಂಭಾಷಣೆಯು ಕಡಿದುಹೋಗುವದು. ಧ್ವನಿಕರೆಯಲ್ಲಿ ಹತ್ತು ಆಯ್ಕೆಗಳನ್ನು ಒಮ್ಮೆಲೇ ಓದಿ ಹೇಳಿದರೆ ಕಿವಿಯು ನೆನಪಿಡಲಾರದು.

ಆದ್ದರಿಂದ ಎರಡು ನಿಯಮಗಳನ್ನು ಮನಗಾಣತಕ್ಕದ್ದು.

ಮೊದಲನೆಯದು: ಲೆಕ್ಕ, ನಿರ್ಣಯ, ದಾಖಲೆ ಇವು ನಡುಮನೆಯಲ್ಲಿ ಒಂದೇ ಕಡೆ ಇರಬೇಕು. ಬಾಗಿಲಿನ ಕೆಲಸವು ಬಂದವರ ಮಾತನ್ನು ಒಳಗಿನ ಭಾಷೆಗೆ, ಒಳಗಿನ ಉತ್ತರವನ್ನು ಅವರ ಭಾಷೆಗೆ ತಿರುಗಿಸುವದಷ್ಟೇ. ಪ್ರತಿಯೊಂದು ಬಾಗಿಲಲ್ಲಿಯೂ ನಿಯಮಗಳನ್ನು ಬೇರೆ ಬೇರೆಯಾಗಿ ಬರೆದಿಟ್ಟರೆ, ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ಉಳಿದುಹೋಗಿ, ಅತ್ತೆಗೊಂದು ಉತ್ತರ ಸೊಸೆಗೊಂದು ಉತ್ತರ ಬರುವದು.

ಎರಡನೆಯದು: ಪ್ರತಿಯೊಂದು ಬೇಡಿಕೆಗೆ ಗುರುತಿನ ಸಂಖ್ಯೆಯೊಂದಿರಬೇಕು. ಹಣ ಕಳಿಸುವಾಗ ಸಂಪರ್ಕವು ಕಡಿದರೆ, ಹೋಯಿತೋ ಇಲ್ಲವೋ ತಿಳಿಯದೆ ಆಕೆಯು ಪುನಃ ಪ್ರಯತ್ನಿಸುವದು ಸಹಜ. ಅದೇ ಸಂಖ್ಯೆಯು ಮರಳಿ ಬಂದರೆ ಎರಡನೆಯ ಸಲ ಹಣ ತೆಗೆಯದೆ ಮೊದಲಿನ ಉತ್ತರವನ್ನೇ ಕೊಡತಕ್ಕದ್ದು. ಬೇರೆ ಬಾಗಿಲಿನಿಂದ ಬಂದಾಗಲೂ ಹಿಂದಿನ ವ್ಯವಹಾರವು ಏನಾಯಿತೆಂಬದನ್ನು ಮೊದಲು ತಿಳಿಸತಕ್ಕದ್ದು. ಕೂಲಿಯ ದುಡ್ಡು ಎರಡು ಸಲ ಕಡಿತವಾದರೆ ಆ ಮನೆಯ ವಾರದ ಸಂತೆಯೇ ತಪ್ಪುವದು.

ಈ ವಿದ್ಯೆಯಲ್ಲಿ ತೊಡಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು, ಸೇವೆಯು ಸಿದ್ಧವಾಯಿತೆನ್ನುವ ಮುನ್ನ, ಅತ್ಯಂತ ಸಾದಾ ಫೋನಿನಿಂದ ಅದನ್ನು ಕೊನೆಯವರೆಗೂ ನಡಿಸಿ ನೋಡಲಿ. ಆ ಫೋನನ್ನು ಹಿಡಿದವಳಿಗೆ ಅದು ಸಾಧ್ಯವಾಗದಿದ್ದರೆ ಕೆಲಸವು ಇನ್ನೂ ಮುಗಿದಿಲ್ಲವೆಂದೇ ತಿಳಿಯತಕ್ಕದ್ದು.