ಟಾಸಿಗೆ ಮುಂಚಿನ ಚೆಂಡಾಟ: ಮಾಡಬೇಕಾದ್ದು, ಮಾಡಬಾರದ್ದು

ಹಾವೇರಿಯ ಹೊಸಮನಿ ಸಿದ್ದಪ್ಪ ಜಿಲ್ಲಾ ಕ್ರೀಡಾಂಗಣ, ರಾಣೆಬೆನ್ನೂರಿನ ನಗರಸಭೆ ಕ್ರೀಡಾಂಗಣ, ಬ್ಯಾಡಗಿಯ ತಾಲ್ಲೂಕು ಕ್ರೀಡಾಂಗಣ: ಎಲ್ಲೇ ಆಗಲಿ, ಲೆದರ್ ಬಾಲ್ ಹಿಡಿದು ಮೈದಾನಕ್ಕಿಳಿಯುವವರು ಓದಿಕೊಳ್ಳಬೇಕಾದ್ದು ಇದು. ಟೆನಿಸ್ ಬಾಲಿನವರೂ ನಮಗಲ್ಲ ಎಂದು ಎದ್ದು ಹೋಗಬೇಡಿ.

ಮೈ ಬಿಸಿ ಮಾಡಿಕೊಳ್ಳದೆ ಆಡಕೂಡದು. ಅದರಲ್ಲಿ ಚೌಕಾಸಿ ಇಲ್ಲ. ತಕರಾರು ಇರುವುದು ಎಲ್ಲಿ ನಿಂತು, ಯಾವ ಕಡೆ ಹೊಡೆದು ಬಿಸಿ ಮಾಡಿಕೊಳ್ಳುತ್ತೀರಿ ಎಂಬುದರಲ್ಲಿ.

ಅಮೆರಿಕದ ಬೇಸ್‌ಬಾಲಿನಲ್ಲಿ ‘ಪೆಪ್ಪರ್’ ಎಂಬ ಹಳೆಯ ಆಟವಿದೆ. ಒಬ್ಬನ ಕೈಯಲ್ಲಿ ಬ್ಯಾಟು. ಎದುರಿಗೆ ಸುಮಾರು 20 ಅಡಿ ದೂರದಲ್ಲಿ ನಾಲ್ಕೈದು ಜನ. ಅವರು ಎಸೆಯಬೇಕು, ಇವನು ಮೆಲ್ಲಗೆ ತಟ್ಟಬೇಕು, ಹಿಡಿದವನು ತಡಮಾಡದೆ ಮತ್ತೆ ಎಸೆಯಬೇಕು. ಕಣ್ಣಿಗೂ ಕೈಗೂ ಇದಕ್ಕಿಂತ ಒಳ್ಳೆಯ ಪಾಠ ಕಡಿಮೆ. ಆದರೂ ಅಲ್ಲಿನ ಎಷ್ಟೋ ಮೈದಾನಗಳ ಗೋಡೆಯ ಮೇಲೆ ‘ನೋ ಪೆಪ್ಪರ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ತಪ್ಪಿದ ಚೆಂಡು ಬೇಗ ಬಂದು ಕೂತ ಪ್ರೇಕ್ಷಕರ ಮೇಲೆ ಬೀಳುತ್ತದೆ. ದಿನವೂ ಒಂದೇ ಕಡೆ ನಿಂತು ತುಳಿದರೆ ಹುಲ್ಲು ಸಾಯುತ್ತದೆ. ನಮ್ಮ ಹುಡುಗರು ಬೌಂಡರಿ ಪಕ್ಕದಲ್ಲಿ ಗುಂಪು ಕಟ್ಟಿಕೊಂಡು ಮಾಡುವ ನಾಕಿಂಗ್ ಹೆಚ್ಚುಕಡಿಮೆ ಅದೇ ಆಟ. ಅಲ್ಲಿ ಪ್ರೇಕ್ಷಕರು ಕೂತಿದ್ದರೆ ಇಲ್ಲಿ ವಾಕಿಂಗಿಗೆ ಬಂದ ಹಿರಿಯರು, ಪೊಲೀಸ್ ಭರ್ತಿಗೆ ಓಡುವ ಹುಡುಗರು, ತಮ್ಮನನ್ನು ಕಾಯುತ್ತ ನಿಂತ ಅಕ್ಕಂದಿರು ಇರುತ್ತಾರೆ. ಅವರ್‍ಯಾರೂ ನಿಮ್ಮ ಚೆಂಡಿನ ಮೇಲೆ ಕಣ್ಣಿಟ್ಟಿರುವುದಿಲ್ಲ.

ಮಾಡಬೇಕಾದ್ದು

ನೆಟ್ ಇದ್ದರೆ ನೆಟ್ಟಿನೊಳಗೇ ಹೊಡೆಯಿರಿ. ಭಾರತ ತಂಡದ ದೊಡ್ಡ ದೊಡ್ಡ ಬ್ಯಾಟರುಗಳಿಗೆ ಥ್ರೋಡೌನ್ ಎಸೆದು ಹೆಸರಾದ ಕುಮಟಾದ ಡಿ. ರಾಘವೇಂದ್ರ ಅವರ ಕೆಲಸ ಬಹುಪಾಲು ನಡೆಯುವುದು ನೆಟ್ಟಿನೊಳಗೆ. ನೆಟ್ ಇಲ್ಲವೆಂದರೆ ಬ್ಯಾಟು ಹಿಡಿದವನ ಮುಖ ಖಾಲಿ ಮೈದಾನದ ಕಡೆಗಿರಲಿ, ಬೆನ್ನು ಜನರ ಕಡೆಗಿರಲಿ. ಹಿಂದೆ ಒಬ್ಬನನ್ನು ತಪ್ಪಿದ ಚೆಂಡಿಗೆಂದೇ ನಿಲ್ಲಿಸಿ. ಪ್ರತಿ ಸಲ ಜಾಗ ಬದಲಿಸಿ. ಕೆಲಸ ಮುಗಿದ ಚೆಂಡು ಚೀಲಕ್ಕೆ ಸೇರಲಿ. 2005ರ ಆಗಸ್ಟ್‌ನಲ್ಲಿ ಎಜ್‌ಬಾಸ್ಟನ್ ಟೆಸ್ಟಿನ ಬೆಳಿಗ್ಗೆ ಗ್ಲೆನ್ ಮೆಕ್‌ಗ್ರಾ ಕಾಲಿಟ್ಟದ್ದು ಹುಲ್ಲಿನ ಮೇಲೆ ಬಿದ್ದಿದ್ದ ಒಂದು ಚೆಂಡಿನ ಮೇಲೆ. ಪಾದದ ಕೀಲು ಉಳುಕಿ ಅವರು ಹೊರಗುಳಿದರು. ಆಸ್ಟ್ರೇಲಿಯಾ ಆ ಪಂದ್ಯವನ್ನು 2 ರನ್ನಿಗೆ ಸೋತಿತು.

ಮಾಡಬಾರದ್ದು

ಪಂದ್ಯದ ದಿನ ಪಿಚ್ ಮೇಲೆ ಯಾವ ಅಭ್ಯಾಸವೂ ಬೇಡ. ‘ಬರೇ ಎರಡೇ ಬಾಲ್’ ಎಂಬ ಮಾತೂ ಬೇಡ. ಕ್ರಿಕೆಟ್ ನಿಯಮಾವಳಿಯ 26ನೇ ನಿಯಮ ಇದನ್ನು ನೇರವಾಗಿ ನಿಷೇಧಿಸುತ್ತದೆ; ಪಿಚ್ಚಿನ ಅಕ್ಕಪಕ್ಕದ ಅಂಕಣಕ್ಕೂ ಅಂಪೈರ್ ಒಪ್ಪಿಗೆ ಬೇಕು. ಆಟ ಶುರುವಾದ ಮೇಲೆ ಔಟ್‌ಫೀಲ್ಡಿನಲ್ಲಿ ಅಭ್ಯಾಸ ಮಾಡಬಹುದಾದವರು ಫೀಲ್ಡರುಗಳು ಮಾತ್ರ, ಅದೂ ಪಂದ್ಯದ ಚೆಂಡಿನಲ್ಲೇ, ಸಮಯ ಹಾಳು ಮಾಡದೆ. ಮೀರಿದರೆ ಮೊದಲು ಎಚ್ಚರಿಕೆ. ಅದು ಒಬ್ಬನಿಗೆ ಕೊಟ್ಟದ್ದಾದರೂ ಇಡೀ ತಂಡಕ್ಕೆ, ಪಂದ್ಯ ಮುಗಿಯುವವರೆಗೂ ಅಂಟಿಕೊಳ್ಳುತ್ತದೆ. ಮತ್ತೆ ಮೀರಿದರೆ ಎದುರಾಳಿಗೆ 5 ರನ್. ನಮ್ಮ ಟೂರ್ನಿಗಳಲ್ಲಿ ಅಂಪೈರ್ ಪರಿಚಯದವರೇ ಆಗಿರುವುದರಿಂದ ಇದು ಜಾರಿಯಾಗುವುದು ಅಪರೂಪ. ಆಗಬೇಕು.

ಮ್ಯಾಟ್ ಬಿಗಿದ ಪಿಚ್ಚಾದರೆ ಮಣ್ಣಿಗೇನು ಆಗುತ್ತದೆ ಎಂದು ವಾದಿಸುವವರಿದ್ದಾರೆ. ಮ್ಯಾಟಿನ ಅಂಚು ಏಳುತ್ತದೆ, ಮೊಳೆ ಸಡಿಲವಾಗುತ್ತದೆ. ಅಷ್ಟು ಸಾಕು.

ಮೈ ಬಿಸಿ ಮಾಡಿಕೊಳ್ಳುವ ನೆಪದಲ್ಲಿ ಫುಟ್‌ಬಾಲ್ ಬೇಡ. 2010ರ ಫೆಬ್ರುವರಿಯಲ್ಲಿ ನಾಗಪುರದಲ್ಲಿ ಮೊದಲ ಟೆಸ್ಟ್ ಆಡಬೇಕಿದ್ದ ರೋಹಿತ್ ಶರ್ಮಾ ಆ ಬೆಳಿಗ್ಗೆಯೇ ಫುಟ್‌ಬಾಲ್ ಆಡುತ್ತ ಕಾಲು ಉಳುಕಿಸಿಕೊಂಡರು. ಅವರಿಗೆ ಟೆಸ್ಟ್ ಕ್ಯಾಪ್ ಸಿಕ್ಕಿದ್ದು 2013ರ ನವೆಂಬರಿನಲ್ಲಿ. 2020ರ ಜನವರಿಯಲ್ಲಿ ಕೇಪ್‌ಟೌನಿನಲ್ಲಿ ರೋರಿ ಬರ್ನ್ಸ್ ಇದೇ ರೀತಿ ಗಾಯಗೊಂಡಾಗ ಇಂಗ್ಲೆಂಡ್ ತಂಡ ಅಭ್ಯಾಸದ ಫುಟ್‌ಬಾಲನ್ನೇ ನಿಲ್ಲಿಸಿತು.

ಟ್ರ್ಯಾಕಿನಲ್ಲಿ ಓಡುವವರಿದ್ದಾಗ ಎತ್ತರದ ಕ್ಯಾಚ್ ಹೊಡೆಯಬೇಡಿ. ‘ಬಾಲ್ ಬಾಲ್’ ಎಂದು ಕೂಗಿದರೆ ಜವಾಬ್ದಾರಿ ಮುಗಿಯಿತು ಎಂದುಕೊಳ್ಳಬೇಡಿ. ಕೂಗು ಕೇಳಿದವರು ಮೊದಲು ಮಾಡುವುದು ತಲೆ ಎತ್ತಿ ನೋಡುವುದು. 156ರಿಂದ 163 ಗ್ರಾಂ ತೂಗುವ ಗಟ್ಟಿ ಚೆಂಡು ಬರುವುದು ಆ ಎತ್ತಿದ ಮುಖಕ್ಕೆ.

ಇಷ್ಟಾದರೂ ಯಾರದಾದರೂ ತಲೆಗೆ ಬಿದ್ದರೆ, ನೀರು ಕುಡಿಸಿ ನೆರಳಲ್ಲಿ ಕೂರಿಸಿ ಆಟ ಮುಂದುವರಿಸಬೇಡಿ. 1998ರ ಫೆಬ್ರುವರಿಯಲ್ಲಿ ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ರಮಣ್ ಲಾಂಬಾ ಏಟು ಬಿದ್ದ ಮೇಲೆ ತಾವೇ ನಡೆದು ಮೈದಾನದಿಂದ ಹೊರಗೆ ಹೋದರು. ಮೂರು ದಿನಕ್ಕೆ ತೀರಿಕೊಂಡರು. ಪೆಟ್ಟು ತಿಂದವರು ಎದ್ದು ನಿಂತು ‘ಏನೂ ಆಗಿಲ್ಲ ಬಿಡ್ರಿ’ ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ಚೆಂಡು ಹೊಡೆದವನೂ ಜೊತೆಗೆ ಹೋಗಲಿ.