ಟೈರ್ ಸೆನ್ಸರ್ ಸುಳ್ಳು ಹೇಳುತ್ತಾ?

ಏಪ್ರಿಲ್ ಬೆಳಿಗ್ಗೆ ಯಾದಗಿರಿಯಲ್ಲಿ ನಮ್ಮ ಬೈಕಿನ ಟೈರ್ ಸೆನ್ಸರ್ 29 ಪಿಎಸ್‌ಐ ತೋರಿಸುತ್ತೆ ಅನ್ನೋಣ. ಶಹಾಪುರ ದಾಟಿ ಸುರಪುರ ಮುಟ್ಟುವಷ್ಟರಲ್ಲಿ 33 ಆಗಬಹುದು. ಸೆನ್ಸರ್ ಕೆಟ್ಟಿಲ್ಲ, ಗಾಳಿ ಕಾದಿದೆ ಅಷ್ಟೇ.

ಲೆಕ್ಕ ಹಾಕೋಣ. ವಾತಾವರಣದ 14.7 ಸೇರಿಸಿದರೆ 43.7 (ಇದನ್ನ ಬಿಟ್ಟರೆ ಲೆಕ್ಕವೇ ಕೂಡಲ್ಲ). ಟೈರಿನೊಳಗಿನ ಗಾಳಿ 27 ಡಿಗ್ರಿಯಿಂದ 57ಕ್ಕೆ, ಅಂದ್ರೆ 300 ಕೆಲ್ವಿನ್‌ನಿಂದ 330ಕ್ಕೆ ಏರಿದರೆ ಒತ್ತಡ 48.1. ಮತ್ತೆ 14.7 ಕಳೆದರೆ 33.4. ಸುರಪುರದಲ್ಲಿ ಗಾಳಿ ಬಿಟ್ಟು 29ಕ್ಕೆ ಇಳಿಸಿದ್ವೋ, ಮರುದಿನ ಬೆಳಿಗ್ಗೆ ಉಳಿಯೋದು ಬರೀ 25. ಅಪಾಯ ಇರೋದು ಇಲ್ಲಿ: ಗಾಳಿ ಕಡಿಮೆಯಾದ ಟೈರ್ ಹೆಚ್ಚು ಬಾಗಿ ಇನ್ನೂ ಕಾಯುತ್ತೆ.

ಸೆನ್ಸರನ್ನೇ ಪರೀಕ್ಷಿಸಬೇಕಾ? ಗಾಡಿ ತೆಗೆಯೋ ಮೊದಲೊಮ್ಮೆ, ಓಡಿಸಿ ಬಂದ ತಕ್ಷಣ ಇನ್ನೊಮ್ಮೆ ಒಳ್ಳೆ ಗೇಜ್ ಜೊತೆ ಹೋಲಿಸಿ. ಎರಡೂ ಸಲ ಅಂತರ ಒಂದೇ ಇದ್ದರೆ ಅದನ್ನ ಕಳೆದೋ ಕೂಡಿಸಿಯೋ ಓದಿದರೆ ಸಾಕು. ಬದಲಾದರೆ ಮ್ಯಾನುಯಲ್ ನೋಡಿ. ಬಿಎಂಡಬ್ಲ್ಯೂ ಬೈಕುಗಳ ಸಿಸ್ಟಂ ಒತ್ತಡವನ್ನ 20 ಡಿಗ್ರಿಗೆ ಹೊಂದಿಸಿ ತೋರಿಸುತ್ತೆ.