ಅಜ್ಜ-ಅಜ್ಜಿಯರ ಹೆಸರುಗಳು: ಚೆನ್ನೈ ಕನ್ನಡಿಗರ ಸಂದರ್ಭದಲ್ಲಿ ಒಂದು ವಿವೇಚನೆ

1

1639ರಲ್ಲಿ ದಾಮರ್ಲ ಮನೆತನದ ನಾಯಕರು ಈಸ್ಟ್ ಇಂಡಿಯಾ ಕಂಪನಿಗೆ ಕಡಲತೀರದ ನೆಲವನ್ನು ಬಿಟ್ಟುಕೊಟ್ಟಾಗ, ಅಲ್ಲಿ ಬೆಳೆಯುವ ಊರಿಗೆ ತಮ್ಮ ತಂದೆ ಚೆನ್ನಪ್ಪನಾಯಕನ ಹೆಸರಿರಬೇಕೆಂದು ಬಯಸಿದರು. ಚೆನ್ನಪಟ್ಟಣವೆಂಬ ಹೆಸರಿಗೆ ಬಹುಮಟ್ಟಿಗೆ ಒಪ್ಪಿತವಾಗಿರುವ ವಿವರಣೆ ಇದು. 1996ರಲ್ಲಿ ಮದರಾಸು ಅಧಿಕೃತವಾಗಿ ಚೆನ್ನೈ ಆದಾಗ ಈ ಹಿರಿಯನ ಹೆಸರೇ ಮತ್ತೆ ಮುನ್ನೆಲೆಗೆ ಬಂದಿತೆನ್ನಬಹುದು. ಆದರೆ ಇದೇ ನಗರದ ಕನ್ನಡ ಮನೆಗಳಲ್ಲಿ ಇಂದು ಹುಟ್ಟುವ ಮಗುವಿಗೆ ಚೆನ್ನಪ್ಪನೆಂದು ಹೆಸರಿಡಲು ಹಿಂಜರಿಯುತ್ತಾರೆ. ‘ಅದು ಅಜ್ಜನ ಕಾಲದ ಹೆಸರು’ ಎಂಬುದು ಕಾರಣ. ಊರಿಗೆ ಒಪ್ಪುವ ಹೆಸರು ಕೂಸಿಗೆ ಏಕೆ ಒಪ್ಪದು? ಹೆಸರಿನ ಬಗೆಗಿನ ಈ ಅಭಿಪ್ರಾಯದ ಹಿಂದೆ ಯಾವ ಸಂಗತಿಗಳಿವೆಯೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ಬಹು ಪ್ರಾಚೀನವಾದುದು. ಮೂರು ತಲೆಮಾರಿನ ಹಿರಿಯರನ್ನು ಅನುಸರಿಸಿ ಹೆಸರಿಡಬೇಕೆಂಬ ಯಾಜ್ಞಿಕರ ಮತವನ್ನು ಪತಂಜಲಿಯ ಮಹಾಭಾಷ್ಯ ಉಲ್ಲೇಖಿಸುತ್ತದೆ. ಕನ್ನಡ ನಾಡಿನ ಅರಸು ಮನೆತನಗಳಲ್ಲಿ ಇದಕ್ಕೆ ಸ್ಪಷ್ಟ ನಿದರ್ಶನಗಳಿವೆ. ಬಾದಾಮಿಯ ಇಮ್ಮಡಿ ಪುಲಕೇಶಿ ಒಂದನೆಯ ಪುಲಕೇಶಿಯ ಮೊಮ್ಮಗ. ಹೊಯ್ಸಳರಲ್ಲಿ ಒಂದನೆಯ ನರಸಿಂಹನ ಮೊಮ್ಮಗ ಇಮ್ಮಡಿ ನರಸಿಂಹ, ಆತನ ಮೊಮ್ಮಗ ಮುಮ್ಮಡಿ ನರಸಿಂಹ. ಹೀಗೆ ಒಂದು ತಲೆಮಾರನ್ನು ಬಿಟ್ಟು ಹೆಸರು ಮರುಕಳಿಸುತ್ತದೆ.

ಚೆನ್ನೈಯಲ್ಲಿ ಕುಳಿತು ಕನ್ನಡವನ್ನು ಅಭ್ಯಾಸಮಾಡುವವರಿಗೆ ಇಲ್ಲಿನ ಭಾಷೆಯೇ ಮತ್ತೊಂದು ಸಾಕ್ಷ್ಯವನ್ನು ಒದಗಿಸುತ್ತದೆ. ತಮಿಳಿನಲ್ಲಿ ಮೊಮ್ಮಗನಿಗೆ ‘ಪೇರನ್’ ಎಂದು ಹೆಸರು. ಇದು ‘ಪೆಯರ್’ ಎಂಬುದರಿಂದ ಬಂದುದು. ಅಜ್ಜನ ಹೆಸರನ್ನು ಹೊತ್ತವನೆಂದು ಅರ್ಥ. ತಮಿಳಿನ ‘ಪೆಯರ್’ ಕನ್ನಡದ ‘ಪೆಸರ್’ಗೆ ಜ್ಞಾತಿಪದ, ಅದೇ ಇಂದಿನ ‘ಹೆಸರು’. ನಮ್ಮ ‘ಮೊಮ್ಮಗ’ ಎಂಬ ಮಾತಿನಲ್ಲಿ ಹೆಸರಿನ ಸುಳಿವಿಲ್ಲ. ಆದರೆ ತಮಿಳು ಪದದಲ್ಲಿ ಉಳಿದಿರುವ ಆಚರಣೆ ಕನ್ನಡಿಗರ ನಾಮಕರಣದಲ್ಲಿ ನಡೆದುಬಂದಿದೆ.

3

ಈ ಹಳೆಯ ಹೆಸರುಗಳ ರಚನೆ ಅಚ್ಚಕನ್ನಡದ್ದು. ಮೊದಲ ಭಾಗದಲ್ಲಿ ದೈವವೋ ಗುಣವೋ ಹಾರೈಕೆಯೋ ಇದ್ದು, ಕೊನೆಗೆ ಅಪ್ಪ, ಅಯ್ಯ, ಅಣ್ಣ, ಅಮ್ಮ, ಅಕ್ಕ, ಅವ್ವ ಎಂಬ ಬಂಧುವಾಚಕ ಸೇರುತ್ತದೆ. ಪಂಪನ ತಮ್ಮ ಜಿನವಲ್ಲಭನ ಗಂಗಾಧರಂ ಶಾಸನದಲ್ಲಿ ಬರುವ ತಂದೆಯ ಹೆಸರು ಭೀಮಪ್ಪಯ್ಯ, ತಾಯಿಯ ಹೆಸರು ಅಬ್ಬಣಬ್ಬೆ. ಅತ್ತಿಮಬ್ಬೆಯ ‘ಅಬ್ಬೆ’ಯೇ ಮುಂದೆ ‘ಅವ್ವೆ’, ‘ಅವ್ವ’ ಆಯಿತು. ಹಾಗಾಗಿ ಮಲ್ಲವ್ವ, ನೀಲವ್ವ ಎಂಬ ಅಜ್ಜಿಯರ ಹೆಸರುಗಳಲ್ಲಿ ಸಾವಿರ ವರ್ಷಗಳ ಭಾಷಾಚರಿತ್ರೆಯಿದೆ.

ಅರ್ಥದ ದೃಷ್ಟಿಯಿಂದ ಇವನ್ನು ಮೂರು ಬಗೆಯಾಗಿ ನೋಡಬಹುದು. ನಂಜಪ್ಪ, ನಂಜಮ್ಮ ಎಂಬುವು ನಂಜನಗೂಡಿನ ನಂಜುಂಡೇಶ್ವರನನ್ನೂ ತಿಮ್ಮಪ್ಪ, ತಿಮ್ಮಕ್ಕ ಎಂಬುವು ತಿರುಪತಿಯ ತಿಮ್ಮಪ್ಪನನ್ನೂ ಸ್ಮರಿಸುತ್ತವೆ. ಎರಡನೆಯದು ಭಯ ಹಾಗೂ ಹಾರೈಕೆಯ ಬಗೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಸಾವಿನ ಕಣ್ಣು ಬೀಳದಿರಲೆಂದು ಮಗುವಿಗೆ ತಿಪ್ಪನೆಂದು ಹೆಸರಿಡುತ್ತಿದ್ದರು. ಕಲ್ಲಿನಂತೆ ಗಟ್ಟಿಯಾಗಿರಲೆಂದು ಗುಂಡನೆನ್ನುತ್ತಿದ್ದರು. ಹೆಣ್ಣುಮಕ್ಕಳು ಸಾಕೆನಿಸಿದಾಗ ಸಾಕಮ್ಮನೆಂದದ್ದೂ ಉಂಟು. ಮೂರನೆಯದು ಅಕ್ಕರೆಯ ಬಗೆ: ಪುಟ್ಟಪ್ಪ, ಮರಿಯಪ್ಪ, ಚಿಕ್ಕಮ್ಮ. ಇದಕ್ಕೆ ಅಜ್ಜನ ಹೆಸರಿನೊಡನೆ ಒಂದು ನಂಟಿದೆ. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅದೇ ಹೆಸರಿನ ತನ್ನ ಮಗನನ್ನು ಆಕೆ ಪುಟ್ಟ, ಮರಿ, ಅಜ್ಜಯ್ಯ ಎಂದು ಕರೆಯುತ್ತಿದ್ದಳು. ಎಷ್ಟೋ ಕಡೆ ಕರೆಯುವ ಹೆಸರೇ ನಿಂತುಹೋಯಿತು.

4

ಇಪ್ಪತ್ತನೆಯ ಶತಮಾನದಲ್ಲಿ ಅಭಿರುಚಿ ಬದಲಾಯಿತು. ವೆಂಕಟಪ್ಪನವರ ಮಗ ಪುಟ್ಟಪ್ಪನವರು ತಮ್ಮ ಹಿರಿಯ ಮಗನಿಗಿಟ್ಟ ಹೆಸರು ಪೂರ್ಣಚಂದ್ರ ತೇಜಸ್ವಿ. ಬಂಧುವಾಚಕದ ಹೆಸರಿನಿಂದ ಸಂಸ್ಕೃತದ ಕಾವ್ಯಮಯ ಹೆಸರಿನ ಕಡೆಗಿನ ಈ ನಡೆ ಅನೇಕ ವಿದ್ಯಾವಂತ ಕುಟುಂಬಗಳಲ್ಲಿಯೂ ಕಾಣುತ್ತದೆ. ತಮಿಳುನಾಡಿನಲ್ಲಿ ನಡೆದುದು ಭಿನ್ನ. ವೇದಾಚಲಂ ಅವರು ಮರೈಮಲೈ ಅಡಿಗಳಾದಂದಿನಿಂದ ಹಳೆಯ ತಮಿಳಿನ ಮಾತುಗಳೇ ಹೊಸ ಹೆಸರುಗಳಾದವು. ಅಲ್ಲಿ ದೇಸಿಯೆಂಬುದು ಹೆಮ್ಮೆಯ ಗುರುತಾದರೆ ನಮ್ಮಲ್ಲಿ ಅದು ಹಳ್ಳಿತನದ ಗುರುತಾಯಿತು.

ಚೆನ್ನೈಯ ಕನ್ನಡಿಗನಿಗೆ ಇನ್ನೂ ಒಂದೆರಡು ತೊಡಕುಗಳಿವೆ. ತಮಿಳಿನಲ್ಲಿ ‘ಗುಂಡು’ ಎಂದರೆ ಸ್ಥೂಲಕಾಯವೆಂದೂ ಅರ್ಥವಾಗುವುದರಿಂದ ಗುಂಡಪ್ಪನೆಂಬ ಹುಡುಗ ಶಾಲೆಯಲ್ಲಿ ನಗೆಗೀಡಾಗುತ್ತಾನೆ. ತಮಿಳು ಲಿಪಿಯಲ್ಲಿ ಪಕಾರ ಬಕಾರಗಳಿಗೆ ಒಂದೇ ಅಕ್ಷರವಿರುವುದರಿಂದ ಬೋರಮ್ಮ ಪೋರಮ್ಮನಾಗುತ್ತಾಳೆ. ಮಗುವಿನ ಮೇಲಿನ ಕನಿಕರದಿಂದ ತಂದೆತಾಯಿ ಬೇರೆ ಹೆಸರನ್ನು ಆರಿಸಿದರೆ ಅದನ್ನು ಅಭಿಮಾನಶೂನ್ಯತೆಯೆನ್ನುವುದು ಸರಿಯಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಬೇರೊಂದಿದೆ. ಅಪ್ಪ, ಅಯ್ಯ ಎಂಬ ಗೌರವ ಎಲ್ಲರ ಹೆಸರಿಗೂ ದೊರೆಯಲಿಲ್ಲ. ಕರಿಯ, ಕೆಂಚ, ಮಾರ, ಬೋರ ಎಂದು ಮೊಟಕಾಗಿಯೇ ಕರೆಸಿಕೊಂಡು ಬಾಳಿದ ಅಜ್ಜಂದಿರಿದ್ದಾರೆ. ಅವರ ಮೊಮ್ಮಕ್ಕಳಿಗೆ ಆ ಹೆಸರು ಪರಂಪರೆಯ ಸಿರಿಯಲ್ಲ, ಅವಮಾನದ ನೆನಪು. ಜಾತಿಸೂಚಕ ಉಪನಾಮಗಳನ್ನು ತ್ಯಜಿಸಬೇಕೆಂದು 1929ರಲ್ಲಿ ಚೆಂಗಲ್ಪಟ್ಟಿನ ಸ್ವಾಭಿಮಾನ ಸಮ್ಮೇಳನ ಕರೆಕೊಟ್ಟಾಗ ಅದರ ಹಿಂದಿದ್ದುದೂ ಹೆಸರು ಮನುಷ್ಯನನ್ನು ಕುಗ್ಗಿಸಬಾರದೆಂಬ ವಿವೇಕವೇ. ಹಳೆಯ ಹೆಸರುಗಳನ್ನು ಉಳಿಸಬೇಕೆಂದು ವಾದಿಸುವವರು ಮೊದಲು ಈ ಮಾತಿಗೆ ಉತ್ತರ ಹೇಳಬೇಕು.

5

ನನ್ನ ಅಭಿಪ್ರಾಯದಲ್ಲಿ ಹೆಸರಿಡುವುದು ಬೇರೆ, ಹೆಸರನ್ನು ಅರಿಯುವುದು ಬೇರೆ. ಮೊದಲನೆಯದು ತಂದೆತಾಯಿಯರ ಸ್ವಾತಂತ್ರ್ಯ. ಎರಡನೆಯದು ನಮ್ಮೆಲ್ಲರ ಹೊಣೆ. ತೊಟ್ಟಿಲ ಶಾಸ್ತ್ರದಲ್ಲಿ ಅಜ್ಜನ ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳಿ, ಶಾಲೆಯ ದಾಖಲೆಗೆ ಹೊಸ ಹೆಸರನ್ನು ಬರೆಯಿಸುವ ರೂಢಿ ಅನೇಕ ಮನೆಗಳಲ್ಲಿದೆ. ಇದು ಒಳ್ಳೆಯ ಹೊಂದಾಣಿಕೆಯೇ. ಆದರೆ ಕಿವಿಯಲ್ಲಿ ಹೇಳಿದ ಹೆಸರು ಬರೆದಿಡದಿದ್ದರೆ ಉಳಿಯದು. ತಮಿಳುನಾಡಿನ ರೂಢಿಯಂತೆ ಹೆಸರಿನ ಹಿಂದೆ ತಂದೆಯ ಹೆಸರಿನ ಒಂದಕ್ಷರ ಮಾತ್ರ ನಿಲ್ಲುತ್ತದೆ. ಅಜ್ಜನಿಗೆ ಆ ಒಂದಕ್ಷರವೂ ಇಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಹೆಸರನ್ನೇ ಬದಲಿಸಿಕೊಂಡ ಅಜ್ಜಿಯರ ಪಾಡು ಇನ್ನೂ ಕಷ್ಟದ್ದು.

ಕಿಟ್ಟೆಲ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದುದು, ಅದನ್ನು 1968-71ರ ಅವಧಿಯಲ್ಲಿ ಮದರಾಸು ವಿಶ್ವವಿದ್ಯಾಲಯ ಪ್ರಕಟಿಸಿದುದು ಈ ನಗರದಲ್ಲಿ ನಡೆದ ಕನ್ನಡ ಕೆಲಸದ ಹಿರಿಮೆ. ನಿಘಂಟು ಪದಗಳನ್ನು ಕಾಯುತ್ತದೆ. ವ್ಯಕ್ತಿನಾಮಗಳನ್ನು ಕಾಯಬೇಕಾದುದು ಕುಟುಂಬ. ಕನ್ನಡ ವಿದ್ಯಾರ್ಥಿಯೊಬ್ಬ ತನ್ನ ಮನೆಯ ನಾಲ್ಕು ತಲೆಮಾರಿನ ಹೆಸರುಗಳನ್ನು, ಕರೆಯುತ್ತಿದ್ದ ರೂಪ ಮತ್ತು ಇಟ್ಟ ಕಾರಣದೊಡನೆ, ಹಿರಿಯರಿಂದ ಕೇಳಿ ಬರೆದುಕೊಂಡರೆ ಅದು ನಾಮವಿಜ್ಞಾನಕ್ಕೆ ನಿಜವಾದ ಸಾಮಗ್ರಿ. ಹೇಳಬಲ್ಲವರು ಇರುವಾಗಲೇ ಆ ಕೆಲಸ ಆಗಬೇಕು. ತಿಪ್ಪಮ್ಮನ ಹೆಸರನ್ನು ಮೊಮ್ಮಗಳಿಗೆ ಇಡದಿರಬಹುದು. ಆದರೆ ಆ ಹೆಸರಿಗಿಂತ ಮುಂಚೆ ಆ ಮನೆಯಲ್ಲಿ ಎಷ್ಟು ತೊಟ್ಟಿಲುಗಳು ಬರಿದಾಗಿದ್ದವೆಂಬುದನ್ನು ಆಕೆ ತಿಳಿಯದೆ ಅದನ್ನು ಹಳೆಯದೆಂದು ನಕ್ಕುಬಿಡಬಾರದು.